ಶ್ರೀರಂಗಪಟ್ಟಣದ ದಾರಿಯಲ್ಲಿ ಒಬ್ಬ ಮಿತಭಾಷಿ



ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗದವರು ನಿಮ್ಮಲ್ಲಿ ವಿರಳವೆಂದೇ ಹೇಳಬೇಕು. ರಂಗನಾಥಸ್ವಾಮಿಯ ಗುಡಿ, ದರಿಯಾ ದೌಲತ್, ಗುಂಬಜ್, ಬೈಲಿಯ ಸೆರೆಮನೆ, ಟಿಪ್ಪೂ ಸುಲ್ತಾನನ ದೇಹ ದೊರೆತ ಸ್ಥಳ, ಇಷ್ಟನ್ನೂ ಅರ್ಧ ದಿನದಲ್ಲಿ ನೋಡಿ, ಸಂಗಮದಲ್ಲಿ ಕಾಲು ನೆನೆಸಿ, ಬುತ್ತಿ ಬಿಚ್ಚಿ ಉಂಡು ಬಸ್ಸು ಹತ್ತಿರುತ್ತೀರಿ. ಇಲ್ಲಿ ಹೇಳಹೊರಟಿರುವ ಪ್ರಸಂಗ ನಡೆದದ್ದು ಆ ಕೋಟೆಯ ಹೊರಗೆ, ದಕ್ಷಿಣದ ಬಯಲಿನಲ್ಲಿ, 1799ರ ಏಪ್ರಿಲ್ 4ರ ರಾತ್ರಿ. ಅದರ ನಾಯಕ ನಮ್ಮವನಲ್ಲ. ಕೋಟೆಯನ್ನು ಒಡೆಯಲು ಬಂದ ಪಡೆಯವನು. ಆದರೂ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಗೊತ್ತಿರುವ ಉತ್ತರವನ್ನೂ ಹೇಳಲು ಹಿಂಜರಿಯುವ ಹುಡುಗ ಹುಡುಗಿಯರಿಗೆ ಆತನ ಕಥೆಯನ್ನು ಹೇಳಲೇಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ.

ಮೊದಲು ಎರಡು ಪದಗಳ ಪರಿಚಯ ಮಾಡಿಕೊಳ್ಳೋಣ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮನುಷ್ಯರ ಸ್ವಭಾವವನ್ನು ವಿಂಗಡಿಸಲು ಯತ್ನಿಸಿದ. ಹೊರಗಿನ ಜನ, ಹೊರಗಿನ ಗದ್ದಲ ಇವುಗಳಿಂದ ಹುರುಪು ಪಡೆಯುವವರು ಬಹಿರ್ಮುಖಿಗಳು. ಒಂಟಿಯಾಗಿದ್ದು, ತಮ್ಮೊಳಗೇ ಆಲೋಚಿಸಿ ಹುರುಪು ಪಡೆಯುವವರು ಅಂತರ್ಮುಖಿಗಳು. ಕಣ್ಣಿಗೆ ಕಂಡ ವಿವರವನ್ನೇ ನೆಚ್ಚುವವರು ಕೆಲವರಾದರೆ, ಆ ವಿವರಗಳ ಹಿಂದಿನ ಸಂಬಂಧವನ್ನು ಥಟ್ಟನೆ ಗ್ರಹಿಸುವವರು ಮತ್ತೆ ಕೆಲವರು. ಈ ಎರಡನೆಯ ಶಕ್ತಿಗೆ ಒಳನೋಟವೆನ್ನೋಣ. 1937-38ರಲ್ಲಿ ಭಾರತಕ್ಕೆ ಬಂದಿದ್ದ ಯೂಂಗ್ ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ದೀರ್ಘವಾಗಿ ಚರ್ಚಿಸಿದ್ದುಂಟು. ಮುಂದೆ ಅಮೆರಿಕದಲ್ಲಿ ಇಸಬೆಲ್ ಮೈಯರ್ಸ್ ಮತ್ತು ಆಕೆಯ ತಾಯಿ ಕ್ಯಾಥರೀನ್ ಬ್ರಿಗ್ಸ್ ಈ ವಿಂಗಡಣೆಯನ್ನು ಪ್ರಶ್ನಾವಳಿಯಾಗಿ ಮಾಡಿ, ಮನುಷ್ಯರಿಗೆಲ್ಲ ನಾಲ್ಕು ನಾಲ್ಕು ಅಕ್ಷರದ ಹೆಸರಿಟ್ಟರು. ಕಂಪನಿಗಳು ಕೆಲಸಗಾರರ ಗುಣ ತಿಳಿಯಲು ಇದನ್ನು ಬಳಸುತ್ತವೆ. ಒಬ್ಬನೇ ಮನುಷ್ಯ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಬೇರೆ ಗುಂಪಿಗೆ ಸೇರಿಬಿಡುವುದುಂಟು. ಆದ್ದರಿಂದ ಆ ಅಕ್ಷರಗಳನ್ನು ಜಾತಕದಂತೆ ನಂಬಬೇಡಿ. ಸತ್ತು ಇನ್ನೂರು ವರ್ಷವಾದವನಿಗೆ ಪ್ರಶ್ನಾವಳಿ ಕೊಡುವಂತೆಯೂ ಇಲ್ಲ. ಆತ ಮಾಡಿದ ಕೆಲಸವನ್ನು ನೋಡಬಹುದು, ಅಷ್ಟೆ.

ಆತನ ಹೆಸರು ವಿಲಿಯಂ ಲ್ಯಾಂಬ್ಟನ್. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸಾಮಾನ್ಯ ಕುಟುಂಬದವನು. ಸೈನ್ಯ ಸೇರಿದವನಿಗೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸಿಕ್ಕಿದ್ದು ಸೈನಿಕರ ವಸತಿಗಳ ಮೇಲ್ವಿಚಾರಣೆಯ ಕೆಲಸ. ಬೇರೆಯವರಾಗಿದ್ದರೆ ಬೇಸತ್ತು ಹೋಗುತ್ತಿದ್ದ ಆ ಮೂಲೆಯಲ್ಲಿ ಆತ ವರ್ಷಗಟ್ಟಲೆ ಗಣಿತದ ಗ್ರಂಥಗಳನ್ನು ಓದುತ್ತಾ ಕುಳಿತ. ಸರಿಯಾದ ಕಪ್ಪು ಗಾಜಿಲ್ಲದೆ ಗ್ರಹಣ ನೋಡಿ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡ. ಬಡ್ತಿಯಿಲ್ಲ, ಯುದ್ಧದ ಕೀರ್ತಿಯಿಲ್ಲ. ನಾಲ್ವತ್ತು ದಾಟಿದ ಮೇಲೆ ತನ್ನ 33ನೆಯ ರೆಜಿಮೆಂಟಿನೊಡನೆ ಭಾರತಕ್ಕೆ ಬಂದ. ಆ ರೆಜಿಮೆಂಟಿನ ಕರ್ನಲ್, ಆತನಿಗಿಂತ ಬಹಳ ಚಿಕ್ಕವನಾದ ಆರ್ಥರ್ ವೆಲ್ಲೆಸ್ಲಿ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ.

1799ರ ಮಾರ್ಚ್ ಕೊನೆಯಲ್ಲಿ ಜನರಲ್ ಹ್ಯಾರಿಸನ ಪಡೆ ಮಳವಳ್ಳಿಯ ಬಳಿ ಹೋರಾಡಿ, ಸೋಸಲೆಯ ಹತ್ತಿರ ಕಾವೇರಿಯನ್ನು ದಾಟಿ, ದಕ್ಷಿಣದಿಂದ ಶ್ರೀರಂಗಪಟ್ಟಣದತ್ತ ನಡೆದಿತ್ತು. ಏಪ್ರಿಲ್ 4ರ ರಾತ್ರಿ, ಹತ್ತಿರದಲ್ಲಿ ಅಡಗಿರಬಹುದಾದ ಟಿಪ್ಪೂವಿನ ಕುದುರೆ ಸವಾರರನ್ನು ಚದುರಿಸುವಂತೆ ಜನರಲ್ ಬೇರ್ಡ್‌ಗೆ ಆಜ್ಞೆಯಾಯಿತು. ಬೇರ್ಡ್ ಸಾಮಾನ್ಯನಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ, ಶ್ರೀರಂಗಪಟ್ಟಣದಲ್ಲಿಯೇ ಮೂರು ವರ್ಷಕ್ಕೂ ಮಿಕ್ಕಿ ಬಂಧಿಯಾಗಿದ್ದವನು. ಎತ್ತರದ ಆಳು, ಧೈರ್ಯಶಾಲಿ, ಗಟ್ಟಿ ಕಂಠದ ದಂಡನಾಯಕ. ಅವನ ಜೊತೆಯಲ್ಲಿ ಲ್ಯಾಂಬ್ಟನ್ ಹೊರಟ. ಕತ್ತಲಲ್ಲಿ ಅತ್ತಿಂದಿತ್ತ ಎಷ್ಟು ಅಲೆದರೂ ಯಾರೂ ಸಿಗಲಿಲ್ಲ. ಇನ್ನು ಶಿಬಿರಕ್ಕೆ ಹಿಂತಿರುಗೋಣವೆಂದು ಬೇರ್ಡ್ ಪಡೆಯನ್ನು ತಿರುಗಿಸಿದ.

ಆಕಾಶ ತಿಳಿಯಾಗಿತ್ತು. ಲ್ಯಾಂಬ್ಟನ್ ತಲೆಯೆತ್ತಿ ನೋಡಿದ. ಸಪ್ತರ್ಷಿ ಮಂಡಲ ಎದುರಿಗೇ ಇದೆ! ಏಪ್ರಿಲ್ ಮೊದಲ ವಾರದ ನಡುರಾತ್ರಿಯ ಹೊತ್ತಿಗೆ ಅದು ನೇರ ಉತ್ತರದಲ್ಲಿ, ಅರ್ಧ ಆಕಾಶದಷ್ಟು ಎತ್ತರದಲ್ಲಿ ನಿಲ್ಲುತ್ತದೆ. ಶಿಬಿರವಿದ್ದದ್ದು ದಕ್ಷಿಣಕ್ಕೆ. ಹಾಗಾದರೆ ಪಡೆ ಹೋಗುತ್ತಿರುವುದು ಉತ್ತರಕ್ಕೆ, ಟಿಪ್ಪೂವಿನ ಇಡೀ ಸೈನ್ಯದ ಬಾಯಿಗೆ. ಆತ ಕೂಡಲೇ ಹೋಗಿ ಬೇರ್ಡ್‌ಗೆ ಹೇಳಿದ. ನಕ್ಷತ್ರಗಳನ್ನು ಕೇಳದೆಯೂ ತನಗೆ ದಾರಿ ಚೆನ್ನಾಗಿ ಗೊತ್ತೆಂದು ದಂಡನಾಯಕ ಗದರಿಬಿಟ್ಟ. ಪಡೆ ನಡೆಯಿತು. ಸ್ವಲ್ಪ ಹೊತ್ತಿನಲ್ಲೇ ಮೈಸೂರಿನವರ ಕಾವಲು ತುಕಡಿಯೊಂದು ಎದುರಾಗಿ ಚಕಮಕಿ ನಡೆಯಿತು. ಆಗ ಬೇರ್ಡ್‌ನ ಮನಸ್ಸಿನಲ್ಲಿ ಅನುಮಾನ ಹುಟ್ಟಿ, ದೀಪ ಹಚ್ಚಿಸಿ ಜೇಬಿನ ದಿಕ್ಸೂಚಿಯನ್ನು ನೋಡಿದ. ಅಂದು ನಕ್ಷತ್ರಗಳು ಹೇಳಿದ್ದೇ ಸರಿಯಾಗಿತ್ತು ಎಂದು ಲ್ಯಾಂಬ್ಟನ್ ಮುಂದೆ ನಗುತ್ತಾ ಹೇಳುತ್ತಿದ್ದನಂತೆ.

ಮರುದಿನ ರಾತ್ರಿ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿದ ವೆಲ್ಲೆಸ್ಲಿಯೇ ಕತ್ತಲಲ್ಲಿ ದಾರಿ ತಪ್ಪಿ, ಸೋತು ಹಿಂದೆ ಸರಿಯಬೇಕಾಯಿತು. ದಾರಿ ತಪ್ಪುವುದು ದಡ್ಡರಿಗೆ ಮಾತ್ರ ಸಂಭವಿಸುವುದಲ್ಲವೆಂದು ತೋರಿಸಲು ಇದನ್ನು ಹೇಳಿದೆ. ಬೇರ್ಡ್‌ನ ಗಮನವೆಲ್ಲ ಶತ್ರುವಿನ ಮೇಲೆ, ತನ್ನ ಜನರ ಮೇಲೆ ಇತ್ತು. ಸೇನಾಪತಿಗೆ ಅದು ಬೇಕು. ಗುಂಪಿನ ಆವೇಶಕ್ಕೆ ಸಿಕ್ಕದೆ, ಮೌನವಾಗಿ ತನ್ನದೇ ಲೆಕ್ಕ ಹಾಕುತ್ತಾ ಬರುತ್ತಿದ್ದವನಿಗೆ ಮಾತ್ರ ಆಕಾಶವೂ ಭೂಮಿಯೂ ಒಂದಕ್ಕೊಂದು ತಾಳೆಯಾಗುತ್ತಿಲ್ಲವೆಂಬುದು ಹೊಳೆಯಿತು. ಇಷ್ಟಾಗಿಯೂ ಆತ ಆ ಗುಟ್ಟನ್ನು ತನ್ನೊಳಗೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? ನಾಚಿಕೆಯ ಸ್ವಭಾವದವನಾದರೂ ಹೇಳಬೇಕಾದುದನ್ನು ಹೇಳಬೇಕಾದ ಗಳಿಗೆಯಲ್ಲಿ, ಹೇಳಬೇಕಾದವನಿಗೇ ಹೇಳಿದ. ನನಗೆ ಈ ಪ್ರಸಂಗದಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಇದೇ.

ಮೇ 4ರಂದು ಕೋಟೆ ಬಿತ್ತು. ಟಿಪ್ಪೂ ಹೋರಾಡುತ್ತಲೇ ಮಡಿದ. ಗೆದ್ದವರಿಗೆ ಈಗ ಗೆದ್ದ ನಾಡಿನ ನಕ್ಷೆ ಬೇಕಾಯಿತು. ಕಂದಾಯಕ್ಕೂ ಬೇಕು, ಸೈನ್ಯ ನಡೆಸಲಿಕ್ಕೂ ಬೇಕು. ಮೈಸೂರಿನ ಮೋಜಣಿಯ ಹೊಣೆ ಕಾಲಿನ್ ಮೆಕೆಂಜಿಗೆ ಬಂತು. ಲ್ಯಾಂಬ್ಟನ್ ಮುಂದಿಟ್ಟ ಯೋಜನೆಯೇ ಬೇರೆ. ಭೂಮಿ ಚಪ್ಪಟೆಯಲ್ಲವಾದ್ದರಿಂದ ಅದರ ಬಾಗನ್ನು ಲೆಕ್ಕಕ್ಕೆ ಹಿಡಿಯದ ನಕ್ಷೆ ದೂರ ಹೋದಂತೆಲ್ಲ ತಪ್ಪುತ್ತದೆ. ಆದ್ದರಿಂದ ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳ ಸರಣಿಯನ್ನು ಹೆಣೆಯೋಣ. ಅದರಿಂದ ಭೂಮಿಯ ಆಕಾರವೂ ತಿಳಿಯುತ್ತದೆ ಎಂದು ಆತ ವಾದಿಸಿದ. ಎಲ್ಲರೂ ಒಂದು ರಾಜ್ಯದ ನಕ್ಷೆಯನ್ನು ಕಾಣುತ್ತಿದ್ದಾಗ ಈತನಿಗೆ ಅದರ ಹಿಂದೆ ಇಡೀ ಭೂಗೋಲ ಕಂಡಿತ್ತು. ವೆಲ್ಲೆಸ್ಲಿಯ ಬೆಂಬಲದಿಂದ ಮದ್ರಾಸ್ ಸರಕಾರ 1800ರಲ್ಲಿ ಒಪ್ಪಿತು.

ಇದರ ಗಣಿತ ನಿಮ್ಮ ಪಠ್ಯದಲ್ಲಿರುವುದೇ. ತ್ರಿಕೋನದ ಒಂದು ಭುಜವನ್ನೂ ಎರಡು ಕೋನಗಳನ್ನೂ ಅಳೆದರೆ ಉಳಿದೆರಡು ಭುಜಗಳು ಲೆಕ್ಕದಿಂದ ಸಿಗುತ್ತವೆ. ಆದರೆ ಆ ಮೊದಲ ಭುಜ, ಅಂದರೆ ಆಧಾರರೇಖೆ, ಕೂದಲೆಳೆಯಷ್ಟೂ ತಪ್ಪಬಾರದು. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ, ಬಾಣಸವಾಡಿ ಮತ್ತು ಅಗರಂ ನಡುವೆ, ಏಳು ಮೈಲಿಗೂ ಮೀರಿದ ಇಂಥ ರೇಖೆಯನ್ನು ಲ್ಯಾಂಬ್ಟನ್ ಅಳೆದ. ಅಳೆದ ನೂರು ಅಡಿಯ ಉಕ್ಕಿನ ಸರಪಳಿಯದ್ದೇ ಒಂದು ಕಥೆ: ಚೀನಾದ ಚಕ್ರವರ್ತಿಗೆಂದು ಬ್ರಿಟಿಷ್ ರಾಯಭಾರಿ ಒಯ್ದ ಸಾಮಗ್ರಿಗಳಲ್ಲಿ ಅದೂ ಇದ್ದು, ಅಲ್ಲಿ ಬೇಡವಾಗಿ ಭಾರತಕ್ಕೆ ಬಂದಿತ್ತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಉಷ್ಣಮಾಪಕ ಇಟ್ಟು, ಅದನ್ನೂ ಲೆಕ್ಕಕ್ಕೆ ಸೇರಿಸಿ, ಮತ್ತೆ ಮತ್ತೆ ಹಾಸಿ ಎತ್ತಬೇಕು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿಯೂ ಇದೇ ತಪಸ್ಸು ನಡೆಯಿತು.

ಖರ್ಚು ನೋಡಿ ಸಿಡಿಮಿಡಿಗೊಂಡವರೂ ಇದ್ದರು. ಶ್ರೀರಂಗಪಟ್ಟಣಕ್ಕೆ ಹೋಗಬೇಕೆಂದರೆ ಪಲ್ಲಕ್ಕಿಯ ಬೋಯಿಗಳ ಮುಖಂಡನಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆ ಯಾಕೆ ಎಂದು ಮದ್ರಾಸಿನ ಹಣಕಾಸು ಸಮಿತಿಯವನೊಬ್ಬ ಕೇಳಿದನಂತೆ. ಬೋಯಿಗಳಿಗೆ ದಾರಿ ಗೊತ್ತಿತ್ತೆಂಬುದು ನಿಜ. ಆದರೆ ಮದ್ರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳು ಮುಟ್ಟಿದಾಗ, ಆವರೆಗಿನ ನಕ್ಷೆಗಳು ನಂಬಿದ್ದಕ್ಕಿಂತ ನಮ್ಮ ಪರ್ಯಾಯದ್ವೀಪ ಸುಮಾರು 40 ಮೈಲಿ ಕಿರಿದೆಂದು ತಿಳಿಯಿತು. ಗಲಾಟೆಯಿಲ್ಲದೆ ಒಂದು ನಾಡಿನ ಅಗಲವೇ ತಿದ್ದುಪಡಿಯಾಯಿತು!

ಇನ್ನು 1808ರ ಮಾತು. ಕೋನಗಳನ್ನು ಅಳೆಯಲು ಇಂಗ್ಲೆಂಡಿನಿಂದ ತರಿಸಿದ ದೊಡ್ಡ ಥಿಯೋಡಲೈಟ್ ಉಪಕರಣದ ತೂಕ ಸುಮಾರು ಅರ್ಧ ಟನ್. ಬರುವ ದಾರಿಯಲ್ಲಿ ಹಡಗು ಫ್ರೆಂಚರ ಕೈಗೆ ಸಿಕ್ಕಿ, ವಿಜ್ಞಾನದ ಸಾಮಗ್ರಿಯೆಂದು ತಿಳಿದು ಅವರೇ ಮದ್ರಾಸಿಗೆ ಕಳಿಸಿಕೊಟ್ಟಿದ್ದರು. ತಂಜಾವೂರಿನ ಬಯಲು ಸೀಮೆಯಲ್ಲಿ ಬೆಟ್ಟಗಳಿಲ್ಲ. ಹಾಗಾಗಿ ದೇವಾಲಯದ ಗೋಪುರದ ಮೇಲೆಯೇ ಅದನ್ನು ಏರಿಸಬೇಕಾಯಿತು. ಏರಿಸುವಾಗ ಹಗ್ಗವೊಂದು ತುಂಡಾಗಿ, ಪೆಟ್ಟಿಗೆ ಓಲಾಡಿ ಗೋಡೆಗೆ ಬಡಿಯಿತು. ಕೋನ ಅಳೆಯುವ 36 ಅಂಗುಲದ ಚಕ್ರ ಸೊಟ್ಟಗಾಯಿತು. ನೋಡಿದವರೆಲ್ಲ ಇನ್ನು ಕೆಲಸ ಮುಗಿಯಿತೆಂದರು. ಲ್ಯಾಂಬ್ಟನ್ ಯಾರನ್ನೂ ಬೈಯಲಿಲ್ಲ. ಡೇರೆಯೊಳಗೆ ಹೋಗಿ, ಕೆಲವು ಕಸುಬುದಾರರ ಹೊರತು ಯಾರನ್ನೂ ಒಳಗೆ ಬಿಡದೆ, ಉಪಕರಣವನ್ನು ಪೂರ್ತಿ ಬಿಚ್ಚಿದ. ಚಕ್ರದ ಮೂಲ ಅಳತೆಯ ವೃತ್ತವನ್ನು ಬರೆದುಕೊಂಡು, ಬೆಣೆ, ತಿರುಪು, ರಾಟೆಗಳಿಂದ ಲೋಹವನ್ನು ಇಷ್ಟಿಷ್ಟೇ ಎಳೆದು ಆ ವೃತ್ತಕ್ಕೆ ಹೊಂದಿಸುತ್ತಾ ಹೋದ. ಆರು ವಾರ ಹಿಡಿಯಿತು. ಆ ಥಿಯೋಡಲೈಟ್ ಮುಂದೆ ಎಷ್ಟೋ ವರ್ಷ ಕೆಲಸ ಮಾಡಿತು.

ನಾಲ್ಕು ಜನ ಸೇರಿ ಚರ್ಚಿಸಿದ್ದರೆ ಈ ಕೆಲಸ ಆರು ವಾರದ ಬದಲು ಆರು ದಿನದಲ್ಲಿ ಆಗುತ್ತಿತ್ತೆಂದು ನನಗಂತೂ ತೋರುವುದಿಲ್ಲ. ಉದ್ಯೋಗದ ಸಂದರ್ಶನಗಳಲ್ಲಿ ಗುಂಪು ಚರ್ಚೆ ನಡೆಸಿ, ಹೆಚ್ಚು ಮಾತಾಡಿದವನನ್ನು ಆರಿಸುವ ರೂಢಿಯನ್ನು ಕಂಡಾಗಲೆಲ್ಲ ತಂಜಾವೂರಿನ ಆ ಡೇರೆ ನೆನಪಾಗುತ್ತದೆ.

ಹಾಗೆಂದು ಆತನನ್ನು ಒಂಟಿ ಸಾಧಕನೆಂದು ಪೂಜಿಸುವುದೂ ತಪ್ಪು. ಮದ್ರಾಸಿನ ಮೋಜಣಿ ಶಾಲೆಯಿಂದ ಬಂದ ಜೋಶುವಾ ಡಿ ಪೆನ್ನಿಂಗ್‌ನಂಥ ಕೆಲವರು ಕೊನೆಯವರೆಗೂ ಆತನ ಜೊತೆಗಿದ್ದರು. ಬೆಟ್ಟಗಳ ಮೇಲೆ ಬಾವುಟ ಹಿಡಿದು ನಿಂತ, ಪೆಟ್ಟಿಗೆ ಹೊತ್ತ, ಕಾಡುಜ್ವರಕ್ಕೆ ಬಲಿಯಾದ ನಮ್ಮ ಜನರ ಹೆಸರು ಎಲ್ಲಿಯೂ ಉಳಿದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆತನ ಮಾತು ಕೇಳಲು ವೆಲ್ಲೆಸ್ಲಿಯಂಥವನಿದ್ದ. ಇದೇ ಮೈಸೂರಿನ ಮೋಜಣಿಯಲ್ಲಿ ಮೆಕೆಂಜಿಗಾಗಿ ಊರೂರು ತಿರುಗಿ ಶಾಸನ, ಕಡತ, ಕೈಫಿಯತ್ತುಗಳನ್ನು ಸಂಗ್ರಹಿಸಿದವರಲ್ಲಿ ಮುಖ್ಯರು ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸೋದರರು. ಭಾರತದ ಭಾಷೆಗಳು ಬಾರದ ಮೆಕೆಂಜಿಗೆ ಬೋರಯ್ಯನೇ ಕಣ್ಣು ಕಿವಿ. ಆತ 1803ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. 1821ರಲ್ಲಿ ಮೆಕೆಂಜಿಯೂ ತೀರಿಕೊಂಡ ಮೇಲೆ, ಆ ಕೆಲಸವನ್ನು ಮುಂದುವರಿಸಲು ತನಗೆ ಅವಕಾಶ ಕೊಡಿರೆಂದು ಲಕ್ಷ್ಮಯ್ಯ ಕೇಳಿಕೊಂಡ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಭಾರತೀಯನೊಬ್ಬ ಇಂಥ ಸಂಶೋಧನೆಯನ್ನು ತಾನೇ ನಡೆಸಬಲ್ಲನೆಂಬ ನಂಬಿಕೆ ಅಲ್ಲಿನವರಿಗಿರಲಿಲ್ಲ. ಆ ರಾತ್ರಿ ಬೇರ್ಡ್ ಕೊನೆಗಾದರೂ ದಿಕ್ಸೂಚಿ ತೆಗೆದು ನೋಡಿದ್ದ. ಲಕ್ಷ್ಮಯ್ಯನ ಪಾಲಿಗೆ ಯಾರೂ ದೀಪ ಹಚ್ಚಲಿಲ್ಲ.

ಲ್ಯಾಂಬ್ಟನ್ 1823ರ ಜನವರಿ 20ರಂದು, ಎಪ್ಪತ್ತರ ಆಸುಪಾಸಿನಲ್ಲಿ, ವಾರ್ಧಾ ಬಳಿಯ ಹಿಂಗನ್‌ಘಾಟ್‌ನಲ್ಲಿ ಕೆಲಸದ ಮೇಲಿರುವಾಗಲೇ ತೀರಿಕೊಂಡ. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಹೊರಟ ಆತನ ತ್ರಿಕೋನಮಾಲೆ ಆಗ ದೇಶದ ನಡುಭಾಗವನ್ನು ಮುಟ್ಟಿತ್ತು. ಅದನ್ನು ಹಿಮಾಲಯದ ತಪ್ಪಲಿಗೆ ಒಯ್ದವನು ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್. ಅವನ ಹೆಸರು ನಿಮಗೆಲ್ಲ ಗೊತ್ತಿದೆ. ತನ್ನ ಬಗ್ಗೆ ಹೆಚ್ಚೇನೂ ಬರೆದಿಡದ ಲ್ಯಾಂಬ್ಟನ್‌ನ ಹೆಸರನ್ನು ಬಹುಶಃ ಇಂದೇ ಕೇಳುತ್ತಿದ್ದೀರಿ.

ಏಪ್ರಿಲ್ ರಜೆಯಲ್ಲಿ ಶ್ರೀರಂಗಪಟ್ಟಣದ ಸುತ್ತಮುತ್ತ ನಿಮಗೆ ನೆಂಟರಿದ್ದರೆ, ರಾತ್ರಿ ಊಟವಾದ ಮೇಲೆ ಮಹಡಿ ಹತ್ತಿ ಉತ್ತರಕ್ಕೆ ಮುಖ ಮಾಡಿ. ಏಳು ನಕ್ಷತ್ರಗಳು ಸುಲಭವಾಗಿ ಕಾಣುತ್ತವೆ. ಅವುಗಳಲ್ಲಿ ತುದಿಯ ಎರಡನ್ನು ಸೇರಿಸಿ ಗೆರೆಯನ್ನು ಕೆಳಕ್ಕೆ ಎಳೆದರೆ, ದಿಗಂತದಿಂದ ಹನ್ನೆರಡು ಡಿಗ್ರಿಯಷ್ಟೇ ಮೇಲೆ, ಮಂಜು ಇಲ್ಲದಿದ್ದರೆ, ಧ್ರುವ ನಕ್ಷತ್ರ ಸಿಗುತ್ತದೆ.