ಹಾಲು ಬಿಟ್ಟವರು

"ಹಾಲ ಬಿಟ್ಟೀ ಅಂತಲ್ಲ, ಮತ್ತ ಏನ್ ಕುಡೀತಿ?"

ಫೋನಿನಲ್ಲಿ ಅವ್ವ ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು, "ಮೈಯಾಗ ಆರಾಮ ಐತೇನು?" ಮೂರನೆಯದನ್ನು ನನಗೆ ಕೇಳಲಿಲ್ಲ. ಫೋನು ಹೆಂಡತಿಯ ಕೈಗೆ ಹೋದ ಮೇಲೆ ಮೆಲ್ಲಗೆ, "ನಿಮ್ಮಿಬ್ಬರದೂ ಏನರ ಜಗಳ ಆಗೈತೇನವಾ?" ಎಂದು ವಿಚಾರಿಸಿದಳಂತೆ. ನಮ್ಮ ಕಡೆ ಮಗ ಹಾಲು ಮೊಸರು ಒಲ್ಲೆ ಎಂದರೆ ಒಂದೋ ಜ್ವರ ಬಂದಿರಬೇಕು, ಇಲ್ಲವೇ ಸಿಟ್ಟು ಬಂದಿರಬೇಕು.

ಅದರಲ್ಲೂ ನಾನು ಧಾರವಾಡದವ. ಊರಿಗೆ ಹೊರಟೆ ಅಂದರೆ ಪುಣೆಯ ಆಫೀಸಿನವರು, ನೆರೆಮನೆಯವರು, ಕೊನೆಗೆ ಸೊಸೈಟಿಯ ವಾಚಮನ್ ಕೂಡ ಹೇಳುವುದು ಒಂದೇ: ಪೇಢಾ ತಗೊಂಡು ಬರ್ರಿ. ಆ ಪೇಢೆ ಮಾಡುವುದನ್ನು ಶುರು ಮಾಡಿದ ಠಾಕೂರರೂ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಊರು ಬಿಟ್ಟು ಬಂದವರೇ. ಪರಊರಿಗೆ ಬಂದು ಹಾಲು ಕಾಯಿಸಿ ಹೆಸರು ಮಾಡಿದರು ಅವರು. ಪರಊರಿಗೆ ಬಂದು ಹಾಲು ಬಿಟ್ಟು ಮನೆಯವರ ಬಾಯಿಗೆ ಬಿದ್ದವನು ನಾನು.

ಬಿಟ್ಟದ್ದಕ್ಕೆ ದೊಡ್ಡ ತತ್ವ ಏನೂ ಕಾರಣ ಅಲ್ಲ. ನಾವು ಆಗ ಬಾಡಿಗೆಗಿದ್ದ ಮನೆಯ ಹಿಂದೆ ಎಮ್ಮೆಗಳ ಒಂದು ಗೋಠಾ ಇತ್ತು. ಮರಾಠಿಯಲ್ಲಿ ಕೊಟ್ಟಿಗೆಗೆ ಗೋಠಾ ಅಂತಾರೆ. ಪ್ಯಾಕೆಟ್ ಹಾಲಿಗಿಂತ ಇದು ಛಲೋ ಎಂದು ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಒಂದು ದಿನ ಎಮ್ಮೆಯ ಮುಂದೆ ನಿಂತ ಕರು ಸ್ವಲ್ಪವೂ ಅಲುಗಾಡದ್ದು ಕಂಡು ಹತ್ತಿರ ಹೋದೆ. ಅದು ಕರು ಆಗಿರಲಿಲ್ಲ. ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ನಿಲ್ಲಿಸಿದ್ದರು. ಎಮ್ಮೆ ಅದನ್ನು ನೆಕ್ಕುತ್ತಿತ್ತು, ಕೆಳಗೆ ಬಕೀಟಿಗೆ ಹಾಲು ಬೀಳುತ್ತಿತ್ತು. ಹಳ್ಳಿಯಲ್ಲಿ ಬೆಳೆದ ಅವ್ವನಿಗೆ ಇದು ಹೊಸದಲ್ಲ. "ಕರ ಸತ್ತ್ರ ಹಂಗ ಮಾಡ್ತಾರ, ಇಲ್ಲಂದ್ರ ಎಮ್ಮಿ ಹಾಲ ಬಿಡೂದಿಲ್ಲ" ಅಂದಳು. ನನಗೆ ಮಾತ್ರ ಅವತ್ತಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಇಂಥವರಿಗೆ ವೀಗನ್ ಅಂತಾರೆ ಎನ್ನುವುದು ನನಗೆ ಗೊತ್ತಾದದ್ದೇ ಆಮೇಲೆ. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಎಂಬುವರು 1944ರ ನವೆಂಬರಿನಲ್ಲಿ 'ವೆಜಿಟೇರಿಯನ್' ಎಂಬ ಇಂಗ್ಲಿಷ್ ಪದದ ಮೊದಲ ಮೂರು ಅಕ್ಷರ, ಕೊನೆಯ ಎರಡು ಅಕ್ಷರ ಜೋಡಿಸಿ ಮಾಡಿದ ಪದ ಅದು. ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುತುಪ್ಪ ಯಾವುದೂ ಇಲ್ಲ. "ಐಟಿ ಹುಡುಗರ ಶೋಕಿ" ಎಂದು ಗೆಳೆಯರು ನಕ್ಕರು. ಶೋಕಿ ಇದ್ದರೂ ಇರಲಿ, ಆದರೆ ಪುಣೆಯಲ್ಲಿ ಇದ್ದುಕೊಂಡು ಇದು ನಿನ್ನೆ ಮೊನ್ನೆಯ ಮಾತು ಎನ್ನುವ ಹಾಗಿಲ್ಲ. ಹಾಲು ಕುಡಿಯಬೇಕೋ ಬಿಡಬೇಕೋ ಎಂದು ಜೀವಮಾನವೆಲ್ಲ ಒದ್ದಾಡಿದ ಒಬ್ಬ ಮನುಷ್ಯ, ವಾಟ್ಸನ್ನರ ಪದ ಹುಟ್ಟುವ ಮೊದಲೇ, ವರ್ಷಗಟ್ಟಲೆ ಈ ಊರಿನಲ್ಲಿ ಇದ್ದ. ತನ್ನ ಇಷ್ಟದಿಂದ ಇದ್ದದ್ದಲ್ಲ, ಸರಕಾರ ಹಿಡಿದು ಇಟ್ಟಿತ್ತು.

ಗಾಂಧೀಜಿ ಹಾಲು ಬಿಟ್ಟದ್ದು 1912ರಲ್ಲಿ, ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ, ಗೆಳೆಯ ಕ್ಯಾಲನ್‌ಬಾಕ್ ಜೊತೆಗೂಡಿ. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆ ಎಂಬುದು ಒಂದು ಕಾರಣ. ಹೆಚ್ಚು ಹಾಲು ಹಿಂಡಲು ಕಲಕತ್ತೆಯ ಗೌಳಿಗರು ಆಕಳು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಸುದ್ದಿ ಇನ್ನೊಂದು. ಈ ಎರಡನೆಯ ಕಾರಣ ಓದಿದಾಗ ನನಗೆ ನಮ್ಮ ಹಿಂದಿನ ಗೋಠಾ ನೆನಪಾಯಿತು. ಆರು ವರ್ಷ ವ್ರತ ನಡೆಯಿತು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುತ್ತ ಊರೂರು ಅಲೆದು ಆಮಶಂಕೆ ಹಿಡಿದು ಸಾಯುವ ಹಾಗಾದರು. ಹಾಲು ಕುಡಿಯದೆ ಮೈ ಕೂಡುವುದಿಲ್ಲ ಎಂದರು ಡಾಕ್ಟರ್ ದಲಾಲ್. ವ್ರತ ಇದೆ ಎಂದರು ಗಾಂಧಿ. ಪಕ್ಕದಲ್ಲಿದ್ದ ಕಸ್ತೂರಬಾ ನಡುವೆ ಬಾಯಿ ಹಾಕಿದರು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಆಕಳು, ಎಮ್ಮೆ ತಾನೇ, ಆಡಿನ ಹಾಲಿಗೇನು ಅಡ್ಡಿ?

ಡಾಕ್ಟರು ಅದನ್ನೇ ಹಿಡಿದುಕೊಂಡರು. ಗಾಂಧಿ ಒಪ್ಪಿದರು, ಬದುಕಿದರು, ರೌಲತ್ ಕಾಯ್ದೆಯ ವಿರುದ್ಧ ಎದ್ದು ನಿಂತರು. ಆದರೆ ವ್ರತದ ಅಕ್ಷರ ಉಳಿಸಿ ಜೀವ ತೆಗೆದೆ ಎಂಬ ಕೊರಗು ಕಡೆಯ ತನಕ ಹೋಗಲಿಲ್ಲ. ಆತ್ಮಕಥೆಯಲ್ಲಿ ಬರೆದುಕೊಂಡರು. 1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿಯೂ ಮುಚ್ಚಿಡದೆ ಹೇಳಿದರು.

ಆ ಆಡು ಪುಣೆಗೂ ಬೆನ್ನು ಹತ್ತಿ ಬಂತು. 1922ರಿಂದ ಯರವಡಾ ಜೈಲಿನಲ್ಲಿ ಅವರ ಊಟದಲ್ಲಿ ಇದ್ದದ್ದು ಆಡಿನ ಹಾಲು, ಬ್ರೆಡ್ಡು, ಹಣ್ಣು. 1924ರ ಜನವರಿ 12ರ ರಾತ್ರಿ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅವರಿಗೆ ಅಪೆಂಡಿಸೈಟಿಸ್ ಆಪರೇಷನ್ ಮಾಡಿದರು. ನಡುವೆ ಕರೆಂಟು ಹೋಗಿ ಲಾಟೀನು ಬೆಳಕಿನಲ್ಲಿ ಮುಗಿಸಬೇಕಾಯಿತು. ಸ್ಟೇಷನ್ನಿನಿಂದ ಬರುವಾಗ ಸಸೂನ್ ಎದುರಿನ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗಲೆಲ್ಲ ನನಗೆ ಆ ಲಾಟೀನು ನೆನಪಾಗುತ್ತದೆ.

ಕನ್ನಡಿಗರು ಮರೆತ ಇನ್ನೊಂದು ಸಂಗತಿ ಇದೆ. 1927ರಲ್ಲಿ ಮೈ ಸರಿಯಿಲ್ಲದೆ ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವಿಶ್ರಾಂತಿಗಿದ್ದಾಗ ಗಾಂಧಿ ಅಲ್ಲಿನ ಸರಕಾರಿ ಡೈರಿ ಸಂಸ್ಥೆಗೆ ಕೆಲವು ದಿನ ವಿದ್ಯಾರ್ಥಿಯ ಹಾಗೆ ಹೋಗಿ ದನ ಸಾಕಣೆ ಕಲಿತರು. ಅಲ್ಲಿಯ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಆಕಳ ಹಾಲು ಮುಟ್ಟದವನು ಆಕಳ ಸಾಕಣೆ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ! ಇದನ್ನು ಅಣಕ ಎಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ತಾನು ಕುಡಿಯುವುದಿಲ್ಲ ಎಂದ ಮಾತ್ರಕ್ಕೆ ರೈತನ ದನ ಬಡಕಲಾಗಿ ಸಾಯಲಿ ಎಂದು ಬಿಡುವ ಮನುಷ್ಯ ಅವರಲ್ಲ.

ಈ ಎರಡು ಎಳೆಗಳ ಗಂಟು ಕಾಣಬೇಕಾದರೆ ಪುಣೆಯಿಂದ ಸೊಲ್ಲಾಪುರದ ಹಾದಿಯಲ್ಲಿ ಸುಮಾರು 30 ಕಿಲೋಮೀಟರ್ ಹೋಗಬೇಕು. ಕಲಬುರಗಿ ಕಡೆಯಿಂದ ರೈಲಿನಲ್ಲಿ ಬರುವವರು ನೋಡಿಯೇ ಇರುತ್ತೀರಿ, ಉರುಳಿ ಎಂಬ ಸಣ್ಣ ಸ್ಟೇಷನ್ನು. ಗಾಂಧಿ ಪುಣೆಗೆ ಬಂದಾಗ ಸ್ಟೇಷನ್ನಿನ ಹತ್ತಿರ ಡಾಕ್ಟರ್ ದಿನಶಾ ಮೆಹತಾ ಅವರ ನಿಸರ್ಗ ಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಇಳಿಯುತ್ತಿದ್ದರು. ಈಗ ಅದೇ ಜಾಗದಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಪ್ರಾಕೃತಿಕ ಚಿಕಿತ್ಸಾ ಸಂಸ್ಥೆ ಇದೆ. ಬಡವರಿಗೂ ಈ ಚಿಕಿತ್ಸೆ ಸಿಗಬೇಕೆಂದು 1946ರ ಮಾರ್ಚಿನಲ್ಲಿ ಅವರು ಉರುಳಿ ಕಾಂಚನ್ ಎಂಬ ಹಳ್ಳಿಗೆ ಹೋಗಿ ಕೆಲವು ದಿನ ಇದ್ದು ರೋಗಿಗಳನ್ನು ನೋಡಿದರು. ಮಣ್ಣಿನ ಪಟ್ಟಿ, ನೀರು, ಬಿಸಿಲು, ರಾಮನಾಮ, ಮಿತ ಆಹಾರ, ಇಷ್ಟೇ ಔಷಧ. ಹೊರಡುವಾಗ ಆಶ್ರಮದ ಹೊಣೆ ಬಿದ್ದದ್ದು ಮಣಿಭಾಯಿ ದೇಸಾಯಿ ಎಂಬ ತರುಣನ ಮೇಲೆ. ಅವರು ಬದುಕಿಡೀ ಅಲ್ಲೇ ಉಳಿದರು.

ಮುಂದೆ ಏನಾಯಿತು ನೋಡಿ. ರೋಗಿಗಳಿಗಿಂತ ರೈತರ ಬಡತನವೇ ದೊಡ್ಡ ರೋಗ ಎಂದು ಕಂಡ ಮಣಿಭಾಯಿ ಆಕಳಿಗೆ ಕೈ ಹಚ್ಚಿದರು. ಮೊದಲು ಗೀರ್ ತಳಿ, ಆಮೇಲೆ ವಿದೇಶಿ ಹೋರಿಯ ವೀರ್ಯ ತಂದು ಮಿಶ್ರತಳಿ. 1967ರಲ್ಲಿ ಬಾಯಿಫ್ ಸಂಸ್ಥೆ ಕಟ್ಟಿದರು. ಮನೆಬಾಗಿಲಿಗೇ ಬಂದು ಕೃತಕ ಗರ್ಭಧಾರಣೆ ಮಾಡುವ ಪದ್ಧತಿ ನಮ್ಮ ಕರ್ನಾಟಕದ ಹಳ್ಳಿಗಳಿಗೂ ಅವರಿಂದ ಬಂತು. 1982ರಲ್ಲಿ ಮಣಿಭಾಯಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ಅಂದರೆ ಹಾಲು ಬಿಟ್ಟವನು ನೆಟ್ಟ ಗಿಡ ದೇಶಕ್ಕೆ ಹಾಲು ಕೊಟ್ಟಿತು. ಎರಡೆಕರೆ ರೈತನ ಮಗಳು ಆ ಹಾಲಿನ ದುಡ್ಡಿನಲ್ಲಿ ಶಾಲೆಗೆ ಹೋದದ್ದನ್ನು ಅಲ್ಲಗಳೆಯಲು ನನಗೆ ನಾಲಗೆ ಬಾರದು. ಹಾಗಂತ ಬೆನ್ನ ಮೇಲೆ ಡುಬ್ಬ ಇಲ್ಲದ, ನೊಗಕ್ಕೆ ಬಾರದ ಮಿಶ್ರತಳಿಯ ಗಂಡುಕರು ಎಲ್ಲಿಗೆ ಹೋಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿದ್ದದ್ದೇ. ಉರುಳಿಗೆ ಹೋದ ದಿನ ಈ ಎರಡನ್ನೂ ತಲೆಯಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕರಿ ಚಹಾ ಕುಡಿದು ಬಂದೆ. ಯಾವುದನ್ನು ಕೆಳಗಿಡಬೇಕೆಂದು ಇನ್ನೂ ತಿಳಿದಿಲ್ಲ.

ಹಾಲಿಗೆ ಎದುರಾಗಿ ನಿಂತವರೂ ಈ ಊರಿನಲ್ಲೇ ಇದ್ದಾರೆ. ಬ್ಯೂಟಿ ವಿದೌಟ್ ಕ್ರುಯೆಲ್ಟಿ ಎಂಬ ಇಂಗ್ಲೆಂಡಿನ ಸಂಸ್ಥೆಯ ಭಾರತೀಯ ಶಾಖೆಯನ್ನು ಡಯಾನಾ ರತ್ನಾಗರ್ 1974ರಲ್ಲಿ ಶುರು ಮಾಡಿದರು, ಅದರ ಕಚೇರಿ ಪುಣೆಯಲ್ಲೇ. ಮಿಠಾಯಿಯ ಮೇಲಿನ ಬೆಳ್ಳಿ ವರ್ಖನ್ನು ದನದ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿಯುತ್ತಿದ್ದರು ಎಂದು ಸಸ್ಯಾಹಾರಿಗಳಿಗೆ ತಿಳಿಹೇಳಿದವರಲ್ಲಿ ಇವರು ಮುಖ್ಯರು. ಅದನ್ನು ತಡೆಯುವ ನಿಯಮವನ್ನೂ ಸರಕಾರ ಮುಂದೆ ತಂದಿತು. ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕಿ 2001ರಲ್ಲಿ ಬಂತು. ಆದರೆ ಹಾಲು ಕೂಡ ಹಸಿರು ಚುಕ್ಕಿಯೊಳಗೇ ಬರುತ್ತದೆ. ವೀಗನ್ ಆಹಾರಕ್ಕೆ ಬೇರೆ ನಿಯಮ, ಬೇರೆ ಗುರುತು ಸರಕಾರದಿಂದ ಬರಲು 2022 ಆಗಬೇಕಾಯಿತು. ರೇಷ್ಮೆಯನ್ನೂ ಈ ಸಂಸ್ಥೆ ಒಪ್ಪುವುದಿಲ್ಲ. ಇಳಕಲ್ ಸೀರೆಯ ರೇಷ್ಮೆ ಸೆರಗಿನ ಬಗ್ಗೆ ಅವ್ವನ ಮುಂದೆ ಬಾಯಿ ತೆಗೆಯುವ ಧೈರ್ಯ ನನಗಂತೂ ಬಂದಿಲ್ಲ.

ಮನೆಯ ಅಡುಗೆಗೆ ತೊಂದರೆ ಆಗಲೇ ಇಲ್ಲ. ಇಲ್ಲಿಯವರ ಝುಣಕಾ ಭಾಕರಿ, ಭರಲೀ ವಾಂಗೀ, ಕಾರಳ ಚಟ್ನಿ, ಜವಸ ಚಟ್ನಿ ಎಲ್ಲ ನಮ್ಮ ಜುಣಕ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳೇ. ಬಡವರ ಅಡುಗೆಯಲ್ಲಿ ಹಾಲು ಎಲ್ಲಿ ಧಾರಾಳ ಇತ್ತು? ಪೇಟೆಯ ಮನೆಗಳಿಗೆ ಅದು ಹೊಳೆಯ ಹಾಗೆ ಹರಿದದ್ದು 1970ರಲ್ಲಿ ಆಪರೇಷನ್ ಫ್ಲಡ್ ಶುರುವಾದ ಮೇಲೆ. ಹೊರಗಿನ ಊಟದ ಕಥೆ ಬೇರೆ. ಪುಣೆಯ ಹೋಟೆಲುಗಳಲ್ಲಿ ನಮ್ಮ ಕರಾವಳಿಯವರ ಪಾಲು ದೊಡ್ಡದು. ಕಾರ್ಕಳದ ಕಡೆಯಿಂದ ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಕಟ್ಟಿದ ವೈಶಾಲಿ, ರೂಪಾಲಿಗಳು ಊರಿಗೇ ಗುರುತು. ಶೆಟ್ಟರು 2023ರಲ್ಲಿ ತೀರಿಕೊಂಡರು. ವೈಶಾಲಿಯ ಎಸ್‌ಪಿಡಿಪಿ, ಅಂದರೆ ಸೇವ್, ಬಟಾಟೆ, ದಹಿ, ಪೂರಿ, ಹೆಸರುವಾಸಿ. ನನಗೆ ಅದರಲ್ಲಿನ 'ಡಿ' ಒಂದೇ ಅಡ್ಡಿ. ಉಡುಪಿ ಪದ್ಧತಿಯ ದೋಸೆ, ಸಾಂಬಾರು, ಕಾಯಿ ಚಟ್ನಿಗಳಲ್ಲಿ ಬೇಳೆ, ಅಕ್ಕಿ, ತೆಂಗು ಬಿಟ್ಟರೆ ಏನಿದೆ? ಮೇಲೆ ಸುರಿಯುವ ತುಪ್ಪ, ಬೆಣ್ಣೆಯದೇ ತಂಟೆ. ಒಂದು ಹೋಟೆಲಿನಲ್ಲಿ ಕುಂದಾಪುರದ ಮಾಣಿಗೆ ಕನ್ನಡದಲ್ಲೇ ಹೇಳಿದೆ, ದೋಸೆಗೆ ಎಣ್ಣೆ ಸಾಕು. "ಡಾಕ್ಟ್ರು ಹೇಳಿದ್ದಾ ಸಾರ್?" ಎಂದ. ಹೌದು ಅಂದೆ. ಆ ಒಂದು ಸುಳ್ಳಿನಿಂದ ಎಲ್ಲ ಸಲೀಸಾಯಿತು. ತತ್ವಕ್ಕೆ ಸಿಗದ ಮರ್ಯಾದೆ ನಮ್ಮಲ್ಲಿ ಕಾಯಿಲೆಗೆ ಸಿಗುತ್ತದೆ.

"ಶಕ್ತಿ ಎಲ್ಲಿಂದ ಬರ್ತದ?" ಇದು ಎಲ್ಲರ ಪ್ರಶ್ನೆ. ಪುಣೆಯ ತಾಲೀಮುಗಳ ಪೈಲ್ವಾನರ ಖುರಾಕು ಅಂದರೆ ಹಾಲು, ತುಪ್ಪ, ಬಾದಾಮಿ. ಯೋಗದವರೂ ಹಾಲಿನ ಪಕ್ಷವೇ. ಹಠಯೋಗ ಪ್ರದೀಪಿಕೆ ಯೋಗಿಗೆ ಹೇಳಿದ ಪಥ್ಯದಲ್ಲಿ ಹಾಲು, ತುಪ್ಪ ಇವೆ. ಆ ಯೋಗವನ್ನು ಪುಣೆಯಿಂದ ಜಗತ್ತಿಗೆ ಹಂಚಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಕಂಡ ಹುಡುಗ. 1937ರಲ್ಲಿ ಗುರು ಕೃಷ್ಣಮಾಚಾರ್ಯರು ಮೈಸೂರಿನಿಂದ ಡೆಕ್ಕನ್ ಜಿಮ್‌ಖಾನಾಕ್ಕೆ ಆರು ತಿಂಗಳ ಮಟ್ಟಿಗೆ ಕಳಿಸಿದರು. ಮರಾಠಿ ಬಾರದು, ಕೈಯಲ್ಲಿ ದುಡ್ಡಿಲ್ಲ, ಎಷ್ಟೋ ದಿನ ಹೊಟ್ಟೆಗೂ ಇಲ್ಲ. ಆರು ತಿಂಗಳಿಗೆ ಬಂದವರು 2014ರಲ್ಲಿ ತೀರಿಕೊಳ್ಳುವ ತನಕ ಪುಣೆಯವರಾಗಿಯೇ ಉಳಿದರು. ಮಾಡೆಲ್ ಕಾಲೊನಿಯಲ್ಲಿ 1975ರಲ್ಲಿ ಅವರು ತೆರೆದ ಸಂಸ್ಥೆಗೆ ದೇಶವಿದೇಶದಿಂದ ಜನ ಬರುತ್ತಾರೆ. ಅವರೇನೂ ಹಾಲು ಬಿಟ್ಟವರಲ್ಲ. ಆದರೆ ಏನು ತಿನ್ನಬೇಕೆಂದು ಗೊಂದಲವಾದಾಗ, ತಿನ್ನಲು ಏನೂ ಇಲ್ಲದೆ ಮೈ ಕಟ್ಟಿದ ಆ ಹುಡುಗನನ್ನು ನೆನೆಯುತ್ತ ವೇತಾಳ ಟೇಕಡಿ ಹತ್ತುತ್ತೇನೆ. ನೆನೆಸಿದ ಶೇಂಗಾ, ಹೆಸರುಕಾಳು, ರೊಟ್ಟಿಯ ಮೇಲೆ ಮೊಣಕಾಲು ಚೆನ್ನಾಗಿಯೇ ನಡೆದಿವೆ.

ಒಂದನ್ನು ಮಾತ್ರ ಮುಚ್ಚಿಡಬಾರದು. ಬಿಟ್ಟು ಮೂರನೆಯ ವರ್ಷ ಪಾದ ಜೋಮು ಹಿಡಿಯತೊಡಗಿತು. ರಕ್ತ ಪರೀಕ್ಷೆಯಲ್ಲಿ ಬಿ12 ತಳಕ್ಕೆ ಇಳಿದಿತ್ತು. ಸೊಪ್ಪು ಕಾಳುಗಳಿಂದ ಆ ವಿಟಮಿನ್ ಸಿಗುವುದಿಲ್ಲ, ಗುಳಿಗೆ ನುಂಗಲೇಬೇಕು. ಅದನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ, ಗಾಂಧಿ ಹೋದ ವರ್ಷ. ಹಾಲಿಗೆ ಬದಲು ಸಸ್ಯದಲ್ಲಿ ಏನಿದೆ ಹೇಳಿ ಎಂದು ವೈದ್ಯರನ್ನು ಅವರು ಮತ್ತೆ ಮತ್ತೆ ಕೇಳಿದ್ದರು. ಅವರ ನಿತ್ರಾಣಕ್ಕೆ ಇದೊಂದೇ ಕಾರಣ ಎನ್ನಲಾಗದು. ಆದರೂ ಗುಳಿಗೆ ಬಾಯಿಗೆ ಹಾಕಿಕೊಳ್ಳುವಾಗ, ಇದು ಅವರ ಕೈಗೆ ಸಿಕ್ಕಿದ್ದರೆ ಎಂದು ಅನ್ನಿಸುತ್ತದೆ.

ಹೋದ ಸಲ ಅವ್ವ ಬಂದಾಗ ಆಗಾಖಾನ್ ಅರಮನೆಗೆ ಕರೆದುಕೊಂಡು ಹೋದೆ. 1942ರ ಆಗಸ್ಟಿನಿಂದ 1944ರ ಮೇ ತನಕ ಗಾಂಧಿಯನ್ನು ಇಟ್ಟ ಜಾಗ. ಕಸ್ತೂರಬಾ 1944ರ ಫೆಬ್ರವರಿ 22ರಂದು ಇಲ್ಲಿಯೇ ತೀರಿಕೊಂಡರು. ಸಮಾಧಿಯ ಮುಂದೆ ಕೂತು ಆಡಿನ ಹಾಲಿನ ಕಥೆ ಹೇಳಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹುಷಾರ್ ಹೆಣಮಗಳು. ಗಂಡನ ಮಾತೂ ಉಳಿಸಿದ್ಲು, ಗಂಡನ್ನೂ ಉಳಿಸಿದ್ಲು" ಅಂದಳು. ಅವರಿಗೆ ಆ ಕೊರಗು ಹೋಗಲಿಲ್ಲವಂತೆ ಎಂದೆ. "ಕೊರಗಾಕ ಬದುಕಬೇಕಲ್ಲ?" ಎಂದಳು.

ಅವತ್ತು ರಾತ್ರಿ ನಾನು ಶೇಂಗಾ ರುಬ್ಬಿ, ಹಾಲು ಹಿಂಡಿ, ಕಾಯಿಸಿ ಇಟ್ಟಿದ್ದೆ. ಮೊಸರು ಮಾಡಬೇಕು, ಆದರೆ ಹೆಪ್ಪಿಗೆ ಮೊಸರು ಹಾಕುವ ಹಾಗಿಲ್ಲ. ಅವ್ವ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. "ಹಸಿಮೆಣಸಿನಕಾಯಿ ತೊಟ್ಟ ಹಾಕು, ತೊಟ್ಟಿಗೂ ಹೆಪ್ಪಾಕ್ಕೈತಿ. ನಮ್ಮವ್ವ ಹಾಕ್ತಿದ್ಲು" ಎಂದು ತಾನೇ ನಾಲ್ಕು ಮೆಣಸಿನಕಾಯಿ ತೊಳೆದು ತೊಟ್ಟು ಮುರಿದು ಹಾಕಿದಳು. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿತ್ತು, ಸ್ವಲ್ಪ ಲೋಳೆ. ಬೆರಳಲ್ಲಿ ಎತ್ತಿ ನಾಲಗೆಗೆ ಹಚ್ಚಿಕೊಂಡಳು. ಮೊಸರು ಅನ್ನಲಿಲ್ಲ. "ಒಗ್ಗರಣಿ ಕೊಟ್ಟ್ರ ಮಜ್ಜಿಗಿ ಸಾರಿಗೆ ನಡೀತೈತಿ" ಎಂದು ಕರಿಬೇವು ಹುಡುಕಲು ಫ್ರಿಜ್ ತೆಗೆದಳು.