ರೇಷ್ಮೆಯ ಪೊರೆಯಲ್ಲೂ ನೆನಪು

ಎರಡು ಲೋಹದ ಪದರಗಳ ನಡುವೆ ನ್ಯಾನೊಮೀಟರ್‌ಗಳಲ್ಲಿ ಅಳೆಯುವಷ್ಟು ತೆಳುವಾದ ಆಕ್ಸೈಡ್. ಅದು ವಿದ್ಯುತ್ತನ್ನು ತಡೆಯಬೇಕು. ಆದರೆ ಇಂಥ ತೆಳು ಪೊರೆಗಳಲ್ಲಿ ವೋಲ್ಟೇಜು ಏರಿದಾಗ ಕರೆಂಟು ಇಳಿಯುವ ವಿಚಿತ್ರವನ್ನು ಹಿಕ್‌ಮಟ್ 1962ರಲ್ಲೇ ದಾಖಲಿಸಿದರು. 1971ರಲ್ಲಿ ಲಿಯೊನ್ ಚುವಾ, ಹರಿದ ವಿದ್ಯುತ್ತನ್ನು ನೆನಪಿಟ್ಟುಕೊಳ್ಳುವ ರೋಧಕವೊಂದು ಇರಬೇಕೆಂದು ಗಣಿತದಿಂದ ತೋರಿಸಿ ಅದಕ್ಕೆ ಮೆಮ್‌ರಿಸ್ಟರ್ ಎಂದು ಹೆಸರಿಟ್ಟರು. 2008ರಲ್ಲಿ ಎಚ್‌ಪಿ ಪ್ರಯೋಗಾಲಯದ ಸ್ಟ್ಯಾನ್ಲಿ ವಿಲಿಯಮ್ಸ್ ತಂಡ ಟೈಟಾನಿಯಂ ಡೈಆಕ್ಸೈಡ್ ಸಾಧನವನ್ನು ಮುಂದಿಟ್ಟು ಈ ಎರಡು ಎಳೆಗಳನ್ನೂ ಸೇರಿಸಿತು. ಅದು ನಿಜಕ್ಕೂ ಚುವಾ ಹೇಳಿದ್ದೇ ಹೌದೇ ಎಂಬ ವಾದ ಇನ್ನೂ ಮುಗಿದಿಲ್ಲ. ಚದುರಿದ್ದ ಸಂಶೋಧನೆ ಒಂದೆಡೆ ಕೂಡಿದ್ದೇ ದೊಡ್ಡದೆಂದು ನನ್ನ ಭಾವನೆ.

ಆಗುವುದಿಷ್ಟು: ವೋಲ್ಟೇಜು ಕೊಟ್ಟಾಗ ಆಮ್ಲಜನಕದ ಅಯಾನುಗಳು ಸರಿದು, ಅವು ಬಿಟ್ಟ ಖಾಲಿ ಜಾಗಗಳು ಸಾಲುಗೂಡಿ ವಿದ್ಯುತ್ ಹರಿಯುವ ಸಣ್ಣ ತಂತುವಾಗುತ್ತವೆ. ರೋಧ ಇಳಿಯಿತು, ಅದು 1. ವೋಲ್ಟೇಜು ತಿರುಗಿಸಿದರೆ ತಂತು ಕಡಿಯುತ್ತದೆ, ಅದು 0. ಕರೆಂಟು ಹೋದರೂ ಸ್ಥಿತಿ ಉಳಿಯುತ್ತದೆ. ಆದರೆ ತಂತು ಪ್ರತಿ ಸಲ ಒಂದೇ ರೀತಿ ಕಟ್ಟಿಕೊಳ್ಳುವುದಿಲ್ಲ. ಈ ಕ್ಷೇತ್ರವನ್ನು ಹಣ್ಣು ಮಾಡಿದ ತೊಡಕು ಇದೇ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಈ ಸಂಶೋಧನೆಯ ಒಂದು ಕವಲು ತೀರ ಹತ್ತಿರದ್ದು. ಹಿಪ್ಪುನೇರಳೆ, ಹುಳದ ಮನೆ, ಗೂಡು, ಮಗ್ಗ ಅವರಿಗೆ ಹೊಸದಲ್ಲ. ರೇಷ್ಮೆ ಎಳೆಯ ಸುಮಾರು ಮುಕ್ಕಾಲು ಪಾಲು ಫೈಬ್ರೊಯಿನ್ ಎಂಬ ಪ್ರೋಟೀನು, ಉಳಿದದ್ದು ಬಹುತೇಕ ಸೆರಿಸಿನ್ ಎಂಬ ಅಂಟು. ಬಣ್ಣ ಹಾಕುವ ಮುಂಚೆ ಕುದಿಸಿ ತೆಗೆಯುವ ಆ ಅಂಟನ್ನು ಪ್ರಯೋಗಾಲಯದಲ್ಲೂ ಮೊದಲು ಕುದಿಸಿಯೇ ತೆಗೆಯುತ್ತಾರೆ. ಬಳಿಕ ಎಳೆಯನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಉಪ್ಪನ್ನು ಹೊರಹಾಕಿ, ಉಳಿದ ದ್ರವವನ್ನು ತೆಳು ಪೊರೆಯಾಗಿ ಹರಡುತ್ತಾರೆ. ಐಐಟಿ ಖರಗ್‌ಪುರದ ಸಂಶೋಧಕರು 2012ರಲ್ಲಿ ಇಂಥ ಫೈಬ್ರೊಯಿನ್ ಪೊರೆಯಿಂದಲೇ ಪಾರದರ್ಶಕ ಮೆಮ್‌ರಿಸ್ಟರ್ ಮಾಡಿ ತೋರಿಸಿದರು. ಮರುವರ್ಷ ಅಲ್ಲಿಂದಲೇ ಚಿನ್ನದ ನ್ಯಾನೊಕಣ ಬೆರೆಸಿದ, ಬಾಗಿಸಬಹುದಾದ ಸಾಧನವೂ ಬಂತು. ಇವು ಸಿಲಿಕಾನ್ ಮೆಮೊರಿಗೆ ಎದುರಾಳಿಗಳಲ್ಲ. ಕೆಲಸ ಮುಗಿದ ಮೇಲೆ ಕರಗಿಹೋಗಬೇಕಾದ ವೈದ್ಯಕೀಯ ಉಪಕರಣಗಳಲ್ಲಿ ರೇಷ್ಮೆಗೆ ಜಾಗವಿದೆ. ಮೈಸೂರು ತಳಿ, ಮಿಶ್ರತಳಿ, ದ್ವಿತಳಿ ಗೂಡುಗಳ ಫೈಬ್ರೊಯಿನ್ನನ್ನು ಈ ಕೆಲಸಕ್ಕೆಂದೇ ಒಟ್ಟಿಗಿಟ್ಟು ಹೋಲಿಸುವ ಅಧ್ಯಯನ ಚಾಮರಾಜನಗರ ಜಿಲ್ಲೆಯ ಕಾಲೇಜುಗಳಿಂದಲೇ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ತಂತುವಿನ ತೊಡಕಿಗೆ ಬೇರೊಂದು ಉತ್ತರ ಬೆಂಗಳೂರಿನಿಂದ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತು ಸಂಗಡಿಗರು ತಂತುವನ್ನು ನೆಚ್ಚದೆ, ರುಥೇನಿಯಂ ಸಂಯುಕ್ತದ ಅಣುಗಳ ಸ್ಥಿತಿಯನ್ನೇ ಹಂತಹಂತವಾಗಿ ಬದಲಿಸಿದರು. 2024ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪ್ರಕಟಿಸಿದ ಆ ಕೆಲಸದಲ್ಲಿ ಒಂದೇ ಸಾಧನಕ್ಕೆ 16,520 ಸ್ಥಿತಿಗಳು. ಸಾಧನಗಳನ್ನು 64 ಅಡ್ಡ, 64 ಉದ್ದದ ಜಾಲವಾಗಿ ಜೋಡಿಸಿದರೆ ಜಾಲವೇ ಲೆಕ್ಕ ಮಾಡುತ್ತದೆ: ಓಮ್ ನಿಯಮ ಗುಣಿಸುತ್ತದೆ, ಕಿರ್ಚಾಫ್ ನಿಯಮ ಕೂಡಿಸುತ್ತದೆ. ಅಂಕಿಗಳನ್ನು ಮೆಮೊರಿಯಿಂದ ಪ್ರೊಸೆಸರಿಗೆ ಹೊತ್ತು ತಿರುಗುವ ವಿದ್ಯುತ್ ಖರ್ಚು ಉಳಿಯುತ್ತದೆ. ಜೇಮ್ಸ್ ವೆಬ್ ದೂರದರ್ಶಕದ ಚಿತ್ರವೊಂದನ್ನು ತಂಡ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಹೀಗೆಯೇ ಮರುರೂಪಿಸಿತು. ಪೂರ್ತಿ ದೇಶದಲ್ಲೇ ತಯಾರಾಗುವ ಚಿಪ್ ಅವರ ಮುಂದಿನ ಗುರಿ.