ಉಪ್ಪಿನ ಋಣ ಮತ್ತು ಥ್ಯಾಂಕ್ಸ್

ಧನ್ಯವಾದ ಹೇಳುವುದು ನಮ್ಮ ಸಂಸ್ಕೃತಿಯಲ್ಲೇ ಇಲ್ಲ, ಅದು ಇಂಗ್ಲಿಷರಿಂದ ಬಂದದ್ದು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇಮೇಲಿನ ಕೊನೆಗೆ 'ಥ್ಯಾಂಕ್ಸ್ ಅಂಡ್ ರಿಗಾರ್ಡ್ಸ್' ಎಂದು ಬರೆಯಲು ಕಲಿತ ಮೇಲೆಯೇ ನಮಗೆ ಸೌಜನ್ಯ ಬಂತೆಂದು ನಂಬಿದವರೂ ಇದ್ದಾರೆ. ಈ ಮಾತು ಎಷ್ಟು ನಿಜ? ಉತ್ತರ ಹುಡುಕಲು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಗಿಂತ ಒಳ್ಳೆಯ ಜಾಗ ಸಿಗಲಾರದು. ಏಕೆಂದರೆ ಇಲ್ಲಿ ಹತ್ತಾರು ಭಾಷೆಯ ಜನ ಒಂದೇ ತೋಟದ ನೆರಳಿನಲ್ಲಿ ಬದುಕಿದ್ದಾರೆ.

ಉರ್ದು ಮನೆಮಾತಿನವರು ಇಲ್ಲಿ 'ಶುಕ್ರಿಯಾ' ಎನ್ನುತ್ತಾರೆ. ಅದರ ಬೇರು ಅರಬಿಯ 'ಶುಕ್ರ್'. ಮುಸ್ಲಿಮರಲ್ಲಿ 'ಜಝಾಕಲ್ಲಾಹ್' ಎಂಬ ರೂಢಿಯೂ ಇದೆ. ಅಲ್ಲಾಹನು ನಿನಗೆ ಪ್ರತಿಫಲ ಕೊಡಲಿ ಎಂದರ್ಥ. ಕೊಂಕಣಿ ಕ್ರೈಸ್ತರ 'ದೇವ್ ಬರೆಂ ಕರುಂ' ಎಂಬ ಮಾತಿನ ಅರ್ಥವೂ ಹೆಚ್ಚುಕಡಿಮೆ ಅದೇ: ದೇವರು ಒಳ್ಳೆಯದು ಮಾಡಲಿ. ತಮಿಳು ಕಾರ್ಮಿಕರ 'ನನ್ರಿ' ಒಳ್ಳೆಯತನವನ್ನು ಸೂಚಿಸುವ ಪದ. ತುಳುವರು 'ಉಪಕಾರ ಆಂಡ್' ಎನ್ನುತ್ತಾರೆ. ಕನ್ನಡದ ಹಳ್ಳಿಗರು 'ನಿಮ್ಮ ಹೊಟ್ಟೆ ತಣ್ಣಗಿರಲಿ' ಎಂದು ಹರಸುತ್ತಾರೆ. ಸಂಸ್ಕೃತದಿಂದ ಬಂದ 'ಕೃತಜ್ಞ' ಎಂದರೆ ಮಾಡಿದ್ದನ್ನು ತಿಳಿದವನು. 'ಕೃತಘ್ನ' ಎಂದರೆ ಮಾಡಿದ್ದನ್ನು ಕೊಂದವನು. ಹೀಗಿರುವಾಗ ನಮಗೆ ಪದಗಳ ಬಡತನವಿತ್ತೆಂದು ಹೇಗೆ ಹೇಳುವುದು?

ಆದರೆ ಈ ಪದಗಳನ್ನು ದಿನಕ್ಕೆ ಹತ್ತು ಸಲ ಬಳಸುವ ರೂಢಿ ನಮ್ಮಲ್ಲಿ ಇರಲಿಲ್ಲ ಎಂಬುದು ನಿಜ. ಕಳಸದ ಸಮೀಪದ ಹೊರನಾಡಿನಲ್ಲಿ ಬಂದವರಿಗೆಲ್ಲ ಊಟ ಬಡಿಸುತ್ತಾರೆ. ದರ್ಗಾಗಳ ಉರೂಸಿನಲ್ಲೂ ಅನ್ನ ಹಂಚುತ್ತಾರೆ. ಉಂಡು ಎದ್ದವರು ಬಡಿಸಿದವರಿಗೆ ಧನ್ಯವಾದ ಹೇಳಿ ಹೋಗಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಉಪಕಾರವನ್ನು ಬಾಯಲ್ಲಿ ಹೇಳಿ ಮುಗಿಸಬಾರದು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ಹಿಂದಿನವರ ತಿಳಿವಳಿಕೆ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬ ಗಾದೆ ಹುಟ್ಟಿದ್ದು ಹೀಗೆ. ಉರ್ದುವಿನ 'ನಮಕ್ ಹಲಾಲ್', 'ನಮಕ್ ಹರಾಮ್' ಎಂಬ ಮಾತುಗಳಲ್ಲಿಯೂ ಅದೇ ಉಪ್ಪಿದೆ.

ಈ ತಿಳಿವಳಿಕೆ ಎಷ್ಟು ಸುಂದರವೋ ಅಷ್ಟೇ ಅಪಾಯಕಾರಿಯೂ ಆಗಿತ್ತು. ಕನ್ನಡದಲ್ಲಿ ಉಪಕಾರದ ನೆನಪಿಗೂ ಸಾಲಕ್ಕೂ ಒಂದೇ ಹೆಸರು: ಋಣ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೂಲಿಕಾರನ ಬದುಕಿನಲ್ಲಿ ಈ ಎರಡೂ ಅರ್ಥಗಳು ಕೂಡಿಕೊಂಡವು. ಧಣಿಯ ಅನ್ನ ಉಂಡವನು ತೋಟ ಬಿಟ್ಟು ಹೋಗುವುದು ದ್ರೋಹವೆನಿಸಿತು. ಬ್ರಿಟಿಷ್ ಸರಕಾರದ 1859ರ ಕಾಯಿದೆಯೊಂದು ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಜೈಲಿಗೆ ಕಳುಹಿಸಲು ಅವಕಾಶ ಕೊಟ್ಟಿತ್ತು. ದಕ್ಷಿಣ ಭಾರತದ ಪ್ಲಾಂಟರುಗಳೂ ಅದನ್ನು ಬಳಸಿಕೊಂಡರು. 1925ರಲ್ಲಿ ಇನ್ನೊಂದು ಕಾಯಿದೆ ತಂದು ಅದನ್ನು ರದ್ದುಪಡಿಸಲಾಯಿತು. ತೋಟ ಕಾರ್ಮಿಕರಿಗೆ ಮನೆ, ಔಷಧಿ, ಶಿಶುವಿಹಾರ ಒದಗಿಸುವುದು ಮಾಲಿಕರ ಹೊಣೆ ಎಂದು 1951ರ ಕಾಯಿದೆ ಹೇಳಿತು. ಧಣಿಯ ಕೃಪೆ ಎಂದು ಕೈಮುಗಿದು ಪಡೆಯುತ್ತಿದ್ದುದನ್ನು ಅದು ಹಕ್ಕನ್ನಾಗಿ ಮಾಡಿತು. ಕೊನೆಗೆ 1976ರಲ್ಲಿ ಜೀತ ಪದ್ಧತಿಯನ್ನೇ ಕಾನೂನು ನಿಷೇಧಿಸಿತು.

ಹಿಂದಿನ ಕಾಗದಗಳನ್ನು ನೋಡಿದರೂ ಇದೇ ಮೇಲು-ಕೀಳು ಕಾಣುತ್ತದೆ. 'ಉಭಯ ಕುಶಲೋಪರಿ' ಎಂದು ಆರಂಭವಾಗುವ ಪತ್ರ, ಬರೆಯುವವನು ಕಿರಿಯನಾದರೆ 'ತಮ್ಮ ವಿಧೇಯ' ಎಂದು ಮುಗಿಯುತ್ತಿತ್ತು. ತಂತಿ ಕಚೇರಿಯಲ್ಲಂತೂ ಸಿದ್ಧ ಸಂದೇಶಗಳ ಪಟ್ಟಿಯೇ ಇತ್ತು. ಈದ್ ಮುಬಾರಕ್‌ಗೆ ಒಂದು ಸಂಖ್ಯೆ, ಮದುವೆಯ ಹಾರೈಕೆಗೆ ಇನ್ನೊಂದು. ಶುಭಾಶಯ ಕಳುಹಿಸಿದವರಿಗೆ ಧನ್ಯವಾದ ಹೇಳಲಿಕ್ಕೂ ಒಂದು ಸಂಖ್ಯೆ! ಆ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಆ ಹೊತ್ತಿಗೆ ಇಮೇಲ್ ಅದರ ಜಾಗಕ್ಕೆ ಬಂದಾಗಿತ್ತು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ತೆರೆದದ್ದು 1995ರ ಆಗಸ್ಟ್ 15ರಂದು. ಇಂದು ಬಂದ ಪತ್ರಕ್ಕೆ 'ಥ್ಯಾಂಕ್ಸ್' ಎಂಬ ಉತ್ತರವನ್ನು ಯಂತ್ರವೇ ಸಿದ್ಧಪಡಿಸಿ ಮುಂದಿಡುತ್ತದೆ. ನಾವು ಬೆರಳು ಒತ್ತಿದರೆ ಸಾಕು. ತಂತಿಯ ಸಂಖ್ಯೆ ಬೇರೆ ರೂಪದಲ್ಲಿ ಮರಳಿ ಬಂದಂತಾಗಿದೆ.

ಹಾಗೆಂದು ಈ ಹಗುರ ಪದವನ್ನು ನಾವು ಹೀಗಳೆಯಬೇಕಿಲ್ಲ. 'ಥ್ಯಾಂಕ್ಸ್' ಎಂದರೆ ಲೆಕ್ಕ ಅಲ್ಲಿಗೇ ಚುಕ್ತಾ. ಹೇಳಿದವನು ಯಾರ ಆಳೂ ಆಗುವುದಿಲ್ಲ. ಉಪ್ಪಿನ ಋಣದಲ್ಲಿ ತಲೆಮಾರು ಸವೆಸಿದ ನಾಡಿಗೆ ಇದು ಸಣ್ಣ ಲಾಭವಲ್ಲ. ಕೊರತೆ ಇರುವುದು ನಾವು ಅದನ್ನು ಯಾರಿಗೆ ಹೇಳುತ್ತೇವೆ ಎಂಬಲ್ಲಿ. ಮೇಲಧಿಕಾರಿಗೆ, ಬ್ಯಾಂಕಿನವರಿಗೆ, ಗಿರಾಕಿಗೆ ತಪ್ಪದೆ ಬರೆಯುತ್ತೇವೆ. ಕೆಳಗಿನವರಿಗೆ?

ಯಮನ್‌ನಿಂದ ಏಳು ಕಾಫಿ ಬೀಜ ತಂದರೆಂದು ಪರಂಪರೆ ನಂಬುವ ಬಾಬಾಬುಡನ್ ಅವರ ಹೆಸರು ಇಲ್ಲಿನ ಗಿರಿಶ್ರೇಣಿಗೇ ಉಳಿದಿದೆ. ಒಂದು ನಾಡು ಇದಕ್ಕಿಂತ ದೊಡ್ಡ ಧನ್ಯವಾದ ಹೇಳಲಾರದು. ಪ್ಲಾಂಟರ್ ಕೆಂಟ್ ಅವರ ಹೆಸರು 'ಕೆಂಟ್ಸ್' ತಳಿಯಲ್ಲಿ ಉಳಿದಿದೆ. ಹಣ್ಣು ಕುಯ್ದವರ ಹೆಸರನ್ನು ಮಾತ್ರ ಈ ನಾಡು ನೆನಪಿಟ್ಟುಕೊಂಡಂತಿಲ್ಲ. ಈಗ ಅಸ್ಸಾಂ, ಜಾರ್ಖಂಡ್‌ಗಳಿಂದಲೂ ಕಾರ್ಮಿಕರು ಈ ತೋಟಗಳಿಗೆ ಬರುತ್ತಿದ್ದಾರೆ. ಅವರ ಹೆಸರಾದರೂ ನಮಗೆ ಗೊತ್ತಿದೆಯೇ?

ಧನ್ಯವಾದ ಹೇಳುವಾಗ ಎದುರಿನವರ ಹೆಸರು ಹಿಡಿದು, ಅವರು ಮಾಡಿದ್ದೇನೆಂಬುದನ್ನು ಒಂದು ಸಾಲಿನಲ್ಲಿ ತಿಳಿಸೋಣ. ಪತ್ರದಲ್ಲಾಗಲಿ, ಅಂಗಳದಲ್ಲಾಗಲಿ ಕ್ರಮ ಒಂದೇ. ಆದರೆ ಸಂಬಳದ ಜಾಗದಲ್ಲಿ ಧನ್ಯವಾದ ಕೊಡುವುದು ಬೇಡ. ಶನಿವಾರದ ಬಟವಾಡೆ ಸರಿಯಾಗಿ ಎಣಿಸಿ ಕೈಗಿಟ್ಟ ಮೇಲೆ ಆಡುವ ಒಳ್ಳೆಯ ಮಾತಿಗೆ ಮಾತ್ರ ಬೆಲೆಯಿದೆ.